ಹನ್ನೊಂದು ವರ್ಷದಿಂದ ಅದೇ ಆರು ಸಂಖ್ಯೆ

ಪ್ರಶ್ನೆ: ನಮ್ಮ ಅಪ್ಪ ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಿಲ್ಲಿನಲ್ಲಿ ಚಿಲ್ಲರೆ ವ್ಯತ್ಯಾಸ ಬಂದರೂ ಬಿಡುವವರಲ್ಲ. ಆದರೆ ಹನ್ನೊಂದು ವರ್ಷದಿಂದ ವಾರಕ್ಕೊಂದು ಲಾಟರಿ ಟಿಕೆಟ್ ತಪ್ಪದೆ ಕೊಳ್ಳುತ್ತಾರೆ. 1ರಿಂದ 49ರ ಒಳಗೆ ಆರು ಸಂಖ್ಯೆ ಆರಿಸುವ ಆಟ. ಪ್ರತಿ ಸಲವೂ ಅದೇ ಆರು, ಎಲ್ಲವೂ ಮನೆಯವರ ಹುಟ್ಟಿದ ದಿನಗಳು. ಬರುವುದಿಲ್ಲ ಅಂತ ಅವರಿಗೂ ಗೊತ್ತು, ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಲೆಕ್ಕ ಬಲ್ಲವರೇ ಹೀಗೆ ಮಾಡಿದರೆ ಹೇಗೆ? ಬಿಡಿಸುವ ದಾರಿ ಇದೆಯೇ?

ಉತ್ತರ: ಮೊದಲು ಲೆಕ್ಕವನ್ನೇ ಮುಗಿಸಿಬಿಡೋಣ. 49ರಲ್ಲಿ 6 ಸಂಖ್ಯೆಗಳನ್ನು 1,39,83,816 ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಒಂದು ನಿಮ್ಮ ತಂದೆಯವರದು. ಇದನ್ನು ಹೀಗೆ ನೋಡಿ: ಇವತ್ತಿನಿಂದ 161 ದಿನಗಳೊಳಗಿನ ಯಾವುದೋ ಒಂದು ಸೆಕೆಂಡನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಅಂತ ನೀವು ಒಂದೇ ಸಲಕ್ಕೆ ಹೇಳಬೇಕು. ಹೆಚ್ಚುಕಡಿಮೆ ಅಷ್ಟೇ ಕಷ್ಟ. ಹನ್ನೊಂದು ವರ್ಷದ 572 ಟಿಕೆಟ್‌ಗಳನ್ನೆಲ್ಲ ಒಟ್ಟು ಸೇರಿಸಿದರೂ ಸಾಧ್ಯತೆ ಸುಮಾರು 24 ಸಾವಿರಕ್ಕೆ ಒಂದು.

ಇದು ನಿಮ್ಮ ತಂದೆಯವರಿಗೆ ಹೊಸ ಸಂಗತಿಯೇನಲ್ಲ. ಹಾಗಾಗಿ ಈ ಲೆಕ್ಕ ಹಿಡಿದುಕೊಂಡು ವಾದಕ್ಕೆ ಹೋಗಬೇಡಿ, ಸೋಲುತ್ತೀರಿ. ಟಿಕೆಟ್ ಕೊಂಡ ಹೊತ್ತಿನಿಂದ ಫಲಿತಾಂಶ ಬರುವ ತನಕ ‘ಬಂದರೂ ಬರಬಹುದು’ ಎನ್ನುವ ಒಂದು ಬಾಗಿಲು ತೆರೆದಿರುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಇದಕ್ಕೆ ವಿವರಣೆ ಇದೆ. ಅತಿ ಸಣ್ಣ ಸಾಧ್ಯತೆಗೆ ಮನಸ್ಸು ಅದರ ಯೋಗ್ಯತೆಗಿಂತ ಹೆಚ್ಚು ತೂಕ ಕೊಡುತ್ತದೆ. ಸೊನ್ನೆಗೂ ಕೋಟಿಗೊಂದಕ್ಕೂ ನಡುವಿನ ಅಂತರ ಕಾಗದದ ಮೇಲೆ ಕಾಣಿಸುವುದೇ ಇಲ್ಲ, ಮನಸ್ಸಿನಲ್ಲಿ ಮಾತ್ರ ಅದು ಆಕಾಶದಷ್ಟು. ಕೋಟಿಗೊಂದೋ, ಲಕ್ಷಕ್ಕೊಂದೋ ಎಂಬ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಎರಡೂ ‘ಕಷ್ಟ, ಆದರೆ ಆಗಬಹುದು’ ಎಂಬ ಒಂದೇ ಗಂಟಿಗೆ ಬೀಳುತ್ತವೆ.

ಇಷ್ಟು ಎಲ್ಲ ಲಾಟರಿ ಕೊಳ್ಳುವವರಿಗೂ ಅನ್ವಯಿಸುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು: ‘ಅದೇ ಆರು ಸಂಖ್ಯೆ.’

ಸಂಖ್ಯೆಯನ್ನು ನಾವೇ ಆರಿಸಿದಾಗ ಟಿಕೆಟ್‌ನ ಮೇಲಿನ ಮಮತೆ ಬೇರೆಯೇ. ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಚೇರಿ ನೌಕರರಿಗೆ 1 ಡಾಲರಿನ ಲಾಟರಿ ಚೀಟಿ ಮಾರಲಾಯಿತು. ಕೆಲವರಿಗೆ ಆರಿಸಿಕೊಳ್ಳಲು ಬಿಟ್ಟರು, ಉಳಿದವರಿಗೆ ಕೈಗೆ ಬಂದದ್ದನ್ನು ಕೊಟ್ಟರು. ಆಮೇಲೆ ‘ಈ ಚೀಟಿಯನ್ನು ನನಗೆ ಮಾರುತ್ತೀರಾ, ಎಷ್ಟಕ್ಕೆ?’ ಎಂದು ಕೇಳಿದರೆ, ಸ್ವತಃ ಆರಿಸಿಕೊಂಡವರು ಹೇಳಿದ ಬೆಲೆ ಉಳಿದವರದಕ್ಕಿಂತ ಸರಾಸರಿ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಗೆಲ್ಲುವ ಸಾಧ್ಯತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಇನ್ನು ಆರಿಸಿದ್ದು ಮಕ್ಕಳ ಹುಟ್ಟಿದ ದಿನ ಎಂದಮೇಲೆ ಕೇಳಬೇಕೆ! ಅದರ ಜೊತೆಗೇ ಒಂದು ಭಯವೂ ಬೆಳೆಯುತ್ತದೆ. ಈ ವಾರ ಬಿಟ್ಟೆ, ಈ ವಾರವೇ ಆ ಸಂಖ್ಯೆ ಬಂದುಬಿಟ್ಟರೆ? ಎಂದೂ ಟಿಕೆಟ್ ಕೊಳ್ಳದ ನಿಮಗೆ ಯಾವ ಸಂಖ್ಯೆ ಬಂದರೂ ಒಂದೇ. ಅವರಿಗೆ ಹಾಗಲ್ಲ. ಒಂದು ವಾರ ತಪ್ಪಿಸಿದರೂ ಫಲಿತಾಂಶ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ, ತಾನು ಕಳೆದುಕೊಂಡದ್ದೆಷ್ಟು ಎಂದು ಖಚಿತವಾಗಿ ತಿಳಿದುಹೋಗುತ್ತದೆ. ಜೀವನದಲ್ಲಿ ಕೈಬಿಟ್ಟ ಬೇರೆ ಅವಕಾಶಗಳು ಹೀಗೆ ಎದುರು ಬಂದು ಲೆಕ್ಕ ಒಪ್ಪಿಸುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಲಾಟರಿ ಇದೆ, ಅದರಲ್ಲಿ ನಿಮ್ಮ ಮನೆಯ ಪಿನ್‌ಕೋಡೇ ನಿಮ್ಮ ಸಂಖ್ಯೆ. ಅದು ಬಂದರೆ ಅಲ್ಲಿ ಟಿಕೆಟ್ ಕೊಂಡ ಅಕ್ಕಪಕ್ಕದವರಿಗೆಲ್ಲ ಹಣ, ಕೊಳ್ಳದವರು ಕಿಟಕಿಯಲ್ಲಿ ನಿಂತು ಅವರ ಸಂಭ್ರಮ ನೋಡಬೇಕು. ಸಾಮಾನ್ಯ ಲಾಟರಿಗಿಂತ ಇದರಲ್ಲಿ ‘ಆಮೇಲೆ ಪರಿತಪಿಸಬೇಕಾದೀತು’ ಎಂಬ ಅಳುಕು ಟಿಕೆಟ್ ಕೊಳ್ಳಲು ಹೆಚ್ಚು ದೂಡುತ್ತದೆ ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನನ್ನನ್ನು ಕೇಳಿದರೆ ಇದು ಸ್ವಲ್ಪ ಕ್ರೂರ ಉಪಾಯವೇ.

ನಿಮ್ಮ ತಂದೆಯವರು ತಮ್ಮದೇ ಪಿನ್‌ಕೋಡ್ ಮಾಡಿಕೊಂಡಿದ್ದಾರೆ ಅಷ್ಟೆ. ಆಸೆಯಿಂದ ಶುರುವಾದದ್ದು ಈಗ ವಿಮಾ ಕಂತಿನ ಹಾಗೆ ನಡೆಯುತ್ತಿರಬಹುದು, ಪರಿತಾಪದ ವಿರುದ್ಧ ವಾರ ವಾರ ಕಟ್ಟುವ ಕಂತು.

ಒಂದು ಅಡ್ಡಮಾತು. ಹುಟ್ಟಿದ ದಿನ 31 ದಾಟುವುದಿಲ್ಲ, ಹಾಗಾಗಿ ಸಣ್ಣ ಸಂಖ್ಯೆಗಳ ಮೇಲೆ ಬಹಳ ಜನ ಮುಗಿಬೀಳುತ್ತಾರೆ. ಇದರಿಂದ ಗೆಲ್ಲುವ ಸಾಧ್ಯತೆ ಕುಗ್ಗುವುದಿಲ್ಲ, ಗೆದ್ದರೆ ಹಂಚಿಕೊಳ್ಳುವ ಕೈಗಳು ಹೆಚ್ಚುತ್ತವೆ. ಸಂಖ್ಯೆ ಆರಿಸುವಾಗ ಜನರ ಬುದ್ಧಿ ಒಂದೇ ದಾರಿಯಲ್ಲಿ ಓಡಿದರೆ ಏನಾಗುತ್ತದೆ ಎಂಬುದನ್ನು 1995ರ ಜನವರಿಯಲ್ಲಿ ಬ್ರಿಟನ್ ನೋಡಿತು. ಸುಮಾರು 1.6 ಕೋಟಿ ಪೌಂಡಿನ ಬಹುಮಾನ 133 ಜನರ ನಡುವೆ ಹರಿದುಹೋಗಿ, ತಲೆಗೆ 1.22 ಲಕ್ಷ ಪೌಂಡ್ ಸಿಕ್ಕಿತು.

ಬಿಡಿಸುವ ಮಾತಿಗೆ ಬರೋಣ. ಬಿಡಿಸಲೇಬೇಕೆ? ವಾರಕ್ಕೊಂದೇ ಟಿಕೆಟ್, ಹನ್ನೊಂದು ವರ್ಷದಲ್ಲಿ ಅದು ಎರಡಾಗಿಲ್ಲ, ಕದ್ದುಮುಚ್ಚಿ ಕೊಳ್ಳುತ್ತಿಲ್ಲ, ಕೇಳಿದರೆ ನಗುತ್ತಾರೆ. ಇದು ಚಟದ ಲಕ್ಷಣವಲ್ಲ. ಸೋತದ್ದನ್ನು ವಾಪಸ್ ಪಡೆಯಲು ಮತ್ತೆ ಮತ್ತೆ ಕೊಳ್ಳುವುದು, ಸಾಲ, ಸುಳ್ಳು, ಸಿಡುಕು ಕಂಡರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಇನ್ನೊಂದನ್ನೂ ಗಮನಿಸಿ: ನಿವೃತ್ತಿಯ ನಂತರ ಕೈ ಬಿಗಿಯಾಗಿದೆ ಎಂದು ಅವರಿಗೆ ಅನ್ನಿಸುತ್ತಿದೆಯೇ? ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ‘ನನ್ನ ಆದಾಯ ಕಡಿಮೆ’ ಎಂಬ ಭಾವನೆ ಬರುವಂತೆ ಪ್ರಶ್ನೆ ಕೇಳಿಸಿಕೊಂಡವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ಟಿಕೆಟ್ ಕೊಂಡರು. ಜೇಬಿನಲ್ಲಿದ್ದ ಹಣ ಬದಲಾಗಿರಲಿಲ್ಲ, ಬದಲಾದದ್ದು ತಮ್ಮ ಬಗೆಗಿನ ಅನಿಸಿಕೆ.

ಆದರೂ ನಿಲ್ಲಿಸಬೇಕೆಂದಿದ್ದರೆ ಟಿಕೆಟ್‌ನ ಗೊಡವೆಗೆ ಹೋಗದೆ ಆ ಆರು ಸಂಖ್ಯೆಗಳ ಗಂಟು ಬಿಚ್ಚಿ. ‘ಅಪ್ಪಾ, ಇನ್ನು ಮೇಲೆ ಯಂತ್ರ ಕೊಡುವ ಸಂಖ್ಯೆಯನ್ನೇ ತಗೊಳ್ಳಿ’ ಎಂದು ಕೇಳಿ ನೋಡಿ. ವಾರ ವಾರ ಬದಲಾಗುವ ಸಂಖ್ಯೆಗಳಾದರೆ, ಒಂದು ವಾರ ಬಿಟ್ಟಾಗ ‘ನನ್ನದು ಬಂತಲ್ಲ’ ಎಂದು ಹಲುಬಲು ಏನೂ ಇರುವುದಿಲ್ಲ. ನಾಲ್ಕಾರು ತಿಂಗಳು ಹಾಗೆ ನಡೆದರೆ ತಾನಾಗಿಯೇ ಸಡಿಲವಾದೀತು. ಒಪ್ಪಿಸುವುದು ಮಾತ್ರ ಸುಲಭವಲ್ಲ. ಯಂತ್ರ ಕೊಡುವ ಸಂಖ್ಯೆಯಲ್ಲಿ ನಿಮ್ಮ ಹುಟ್ಟುಹಬ್ಬ ಇರುವುದಿಲ್ಲವಲ್ಲ.