ಜಿಪ್ಸಿಗೆ ಟೋ ಬಾರ್: ಬಂಪರ್‌ಗಲ್ಲ, ಚಾಸಿಗೆ

ಸರ್, ನೀವು ಕೇಳಿದ್ದು ಇದು: ಸಾಫ್ಟ್ ಟಾಪ್ ಜಿಪ್ಸಿಗೆ ಮನೆಯಲ್ಲೇ ಟೋ ಬಾರ್ (ಟ್ರೇಲರ್ ಸಿಕ್ಕಿಸುವ ಹಿಂದಿನ ಅಡ್ಡ ಕಬ್ಬಿಣ) ಕೂರಿಸಿ, ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಸಾಗಿಸೋಕೆ ಎರಡು ಚಕ್ರದ ಟ್ರೇಲರ್ ಎಳೆಯಬಹುದಾ ಅಂತ. ಟ್ರೇಲರ್‌ಗೆ ಬ್ರೇಕ್ ಇಲ್ಲ, ಹೊರೆ ಸೇರಿ 800 ಕೆಜಿ. ಬಂಪರ್‌ಗೆ ಒಂದು ಪ್ಲೇಟ್ ವೆಲ್ಡ್ ಮಾಡಿದರೆ ಸಾಕು ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಟೋ ಬಾರ್ ಧಾರಾಳವಾಗಿ ಕೂರಿಸಿ. 800 ಕೆಜಿ ಬೇಡ. ಬಂಪರ್‌ಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ.

ಮೊದಲು ತೂಕದ ಲೆಕ್ಕ. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ ಒಂದು ಸರಳ ಮಿತಿ ಇದೆ: 750 ಕೆಜಿ, ಇಲ್ಲವೇ ಎಳೆಯುವ ಗಾಡಿಯ ಸ್ವಂತ ತೂಕದ ಅರ್ಧ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸಾಫ್ಟ್ ಟಾಪ್ ಜಿಪ್ಸಿ ಒಂದು ಟನ್‌ಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಅಂದರೆ ಟ್ರೇಲರ್ ಮತ್ತು ಹೊರೆ ಎರಡೂ ಸೇರಿ 500 ಕೆಜಿ ಒಳಗಿರಲಿ. ಟ್ರೇಲರ್ ಬರೀ 150 ಕೆಜಿ ಇದ್ದರೆ 50 ಕೆಜಿ ಲೆಕ್ಕದಲ್ಲಿ ಏಳು ಚೀಲ. ಏರಿನಲ್ಲಿ ಎಂಜಿನ್ 800 ಎಳೆದರೂ ಎಳೆದೀತು, ಕಷ್ಟ ಇರೋದು ಇಳಿಜಾರಿನಲ್ಲಿ. ಮಳೆ ಬಿದ್ದ ಮಣ್ಣು ರಸ್ತೆಯ ತಿರುವಿನಲ್ಲಿ ನೀವು ಬ್ರೇಕ್ ಒತ್ತುತ್ತೀರಿ, ಟ್ರೇಲರ್ ನಿಲ್ಲೋದಿಲ್ಲ, ಜಿಪ್ಸಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಚಾಸಿ ಚಿಕ್ಕದಾಗಿರುವ ಹಗುರ ಗಾಡಿ ಇಂಥ ತಳ್ಳುವಿಕೆಗೆ ಬೇಗ ತಿರುಗಿಬಿಡುತ್ತದೆ. ಹೆಚ್ಚು ಹೊರೆ ಬೇಕೇ ಬೇಕು ಅಂದರೆ ಓವರ್‌ರನ್ ಬ್ರೇಕ್ (ಟ್ರೇಲರ್ ಗಾಡಿಯನ್ನು ಮುಂದಕ್ಕೆ ತಳ್ಳಿದಾಗ ತಾನಾಗೇ ಹಿಡಿಯುವ ಬ್ರೇಕ್) ಇರುವ ಟ್ರೇಲರ್ ನೋಡಿ. ಆಗಲೂ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಮಿತಿ.

ಬಂಪರ್ ಯಾಕೆ ಬೇಡ? ಅದು ತೆಳು ತಗಡು, ಸಣ್ಣ ಬ್ರಾಕೆಟ್‌ಗಳ ಮೇಲೆ ನಿಂತಿರುತ್ತದೆ. ಟ್ರೇಲರ್ ಬರೀ ಹಿಂದಕ್ಕೆ ಎಳೆಯೋದಿಲ್ಲ, ಹಳ್ಳ ದಿಣ್ಣೆ ಹತ್ತಿ ಇಳಿಯುವಾಗ ಮೇಲಕ್ಕೂ ಕೆಳಕ್ಕೂ ಗುದ್ದುತ್ತದೆ. ಆ ಗುದ್ದು ನೇರವಾಗಿ ಎರಡೂ ಚಾಸಿ ರೈಲ್‌ಗಳಿಗೆ, ಅಂದರೆ ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹೋಗುವ ಎರಡು ತೊಲೆಗಳಿಗೆ, ಹೋಗಬೇಕು. ಇನ್ನು ಚಾಸಿಗೇ ವೆಲ್ಡ್ ಮಾಡಿದರೆ ವೆಲ್ಡ್ ಮುಗಿಯುವ ತುದಿಯಲ್ಲೇ ಬಿರುಕು ಶುರುವಾಗುತ್ತದೆ, ಬಾಕ್ಸ್ ಒಳಗಿನ ಪೇಂಟ್ ಸುಟ್ಟು ಅಲ್ಲಿಂದ ತುಕ್ಕು ಹಿಡಿಯುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಲೈನ್ ಇದ್ದರಂತೂ ಕೇಳೋದೇ ಬೇಡ. ವೆಲ್ಡಿಂಗ್ ಎಲ್ಲಾ ಗಾಡಿಯ ಹೊರಗೆ ಮುಗಿಯಲಿ, ಗಾಡಿಗೆ ಬೋಲ್ಟ್ ಮಾತ್ರ.

ಫ್ಯಾಬ್ರಿಕೇಷನ್‌ನವರಿಗೆ ಹೇಳಬೇಕಾದ ಅಳತೆ: ಅಡ್ಡಕ್ಕೆ 60×60×5 ಎಂಎಂ ಚೌಕ ಪೈಪು, ಎರಡು ಕೊನೆಗೂ 8 ಎಂಎಂ ಪ್ಲೇಟು, ರೈಲ್‌ನ ಇನ್ನೊಂದು ಮಗ್ಗುಲಿಗೆ 6 ಎಂಎಂ ಬ್ಯಾಕಿಂಗ್ ಪ್ಲೇಟು, ನಡುವೆ ಬಾಲ್ (ಟ್ರೇಲರ್ ಸಿಕ್ಕಿಸುವ ಗುಂಡು) ಕೂರುವ ಜಾಗಕ್ಕೆ 12 ಎಂಎಂ ಪ್ಲೇಟು, ಅದರ ಕೆಳಗೆ ಆಸರೆಗೆ ಎರಡು ತ್ರಿಕೋನ ಗಸೆಟ್. ಸುತ್ತಲೂ ಪೂರ್ತಿ ವೆಲ್ಡ್ ಬೇಕು, ಅಲ್ಲೊಂದು ಇಲ್ಲೊಂದು ಚುಕ್ಕಿ ಸಾಲದು. ತಂಡಿ ಹಿಡಿದ ರಾಡ್ ಬಳಸಿದರೆ ವೆಲ್ಡ್ ಒಳಗೆ ಗುಳ್ಳೆ ಏಳುತ್ತದೆ, ಮೇಲಿಂದ ನೋಡಿದರೆ ಗೊತ್ತಾಗೋದಿಲ್ಲ. ರೆಡಿಮೇಡ್ ಬಾರ್ ತಗೊಂಡರೆ ಅದರ ಮೇಲಿನ ಡಿ ವ್ಯಾಲ್ಯೂ (ಅದು ತಡೆಯುವ ಎಳೆತದ ಅಂಕಿ) ನೋಡಿ. ಲೆಕ್ಕ ಸುಲಭ: ಗಾಡಿಯ ಪೂರ್ತಿ ತೂಕ ಮತ್ತು ಟ್ರೇಲರ್‌ನ ಪೂರ್ತಿ ತೂಕವನ್ನು ಟನ್‌ಗಳಲ್ಲಿ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. 1.5 ಟನ್ ಗಾಡಿ, 0.5 ಟನ್ ಟ್ರೇಲರ್‌ಗೆ ಸುಮಾರು 3.7 ಕಿಲೋನ್ಯೂಟನ್ ಬರುತ್ತದೆ. ಬಾರ್ ಮತ್ತು ಬಾಲ್ ಮೇಲಿನ ಅಂಕಿ ಇದಕ್ಕಿಂತ ಜಾಸ್ತಿ ಇರಲೇಬೇಕು.

ಈಗ ಬಹುತೇಕರು ಕೆಡಿಸುವ ಜಾಗ, ಬೋಲ್ಟು. ಜಿಪ್ಸಿಯ ಚಾಸಿ ಬಾಕ್ಸ್ ಆಕಾರದ್ದು, ಒಳಗೆ ಟೊಳ್ಳು. ಆರ್‌ಪಾರ್ ಬೋಲ್ಟ್ ಹಾಕಿ ಬಿಗಿ ಮಾಡಿದರೆ ಎರಡೂ ಗೋಡೆ ಒಳಕ್ಕೆ ಕುಗ್ಗುತ್ತವೆ. ಬಿಗಿ ಆಯ್ತು ಅಂತ ನಿಮಗನಿಸುತ್ತದೆ, ನಾಲ್ಕು ಟ್ರಿಪ್‌ನಲ್ಲಿ ತಗಡು ಮತ್ತೆ ಕುಗ್ಗಿ ನಟ್ ಸಡಿಲ. ಅದಕ್ಕೆ ಒಳಗೆ ಸ್ಲೀವ್, ಅಂದರೆ ಬೋಲ್ಟ್ ತೂರುವ ದಪ್ಪ ಕೊಳವೆ, ಹಾಕಬೇಕು. ಒಂದು ಗೋಡೆಗೆ 20 ಎಂಎಂ ತೂತು, ಎದುರು ಗೋಡೆಗೆ 13 ಎಂಎಂ. ಲೇತ್ ಅಂಗಡಿಯಲ್ಲಿ ಹೊರ ವ್ಯಾಸ 20, ಒಳ ವ್ಯಾಸ 13 ಇರುವ ಸ್ಲೀವ್ ಮಾಡಿಸಿ. ದೊಡ್ಡ ತೂತಿನಿಂದ ಒಳಗೆ ಹಾಕಿದಾಗ ಅದು ಎದುರು ಗೋಡೆಯ ಒಳಮೈಗೆ ತಾಗಿ ನಿಲ್ಲಬೇಕು, ಈಚೆ ಗೋಡೆಯ ಹೊರಮೈಗೆ ಸಮ ಆಗಬೇಕು. ಉಗುರು ಆಡಿಸಿ ನೋಡಿ, ತಡೆ ಸಿಗಬಾರದು. ಸ್ಲೀವ್ ಹೊರಗೆ ಚಾಚಿದರೆ ಪ್ಲೇಟ್ ಚಾಸಿ ಮೇಲೆ ಕೂರೋದೇ ಇಲ್ಲ.

ತೂತು ಕೊರೆಯುವುದು ರೈಲ್‌ನ ನೆಟ್ಟಗಿನ ಮೈಗೆ ಮಾತ್ರ, ಮೇಲಿನ ಮತ್ತು ಕೆಳಗಿನ ಮೈ ಮುಟ್ಟಬೇಡಿ. ಬಾಗುವ ಭಾರ ಹೊರುವುದು ಅವೇ. ಒಂದು ಬದಿಗೆ ಮೂರು ಬೋಲ್ಟು, ಉದ್ದಕ್ಕೆ ಸಾಲಾಗಿ, ನಡುವೆ 60 ಎಂಎಂ ಅಂತರ, ತೂತಿನ ಅಂಚಿನಿಂದ ರೈಲ್ ಅಂಚಿಗೆ ಕನಿಷ್ಠ 20 ಎಂಎಂ. ಕಂಪನಿಯ ತೂತುಗಳು ಸರಿಯಾದ ಜಾಗದಲ್ಲಿ ಸಿಕ್ಕರೆ ಅವನ್ನೇ ಬಳಸಿ. ಆದರೆ ಸ್ಪ್ರಿಂಗ್ ಶ್ಯಾಕಲ್ (ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಬೋಲ್ಟ್‌ಗೆ ಬಾರ್ ಸೇರಿಸುವ ಜುಗಾಡ್ ಬೇಡ, ಅದು ತಿರುಗಬೇಕಾದ ಬೋಲ್ಟು. ಡ್ರಿಲ್ ಹಿಡಿಯುವ ಮುಂಚೆ ಹಿಂದೆ ಬ್ರೇಕ್ ಪೈಪು, ವೈರು, ಟ್ಯಾಂಕು ಎಲ್ಲಿದೆ ಅಂತ ಟಾರ್ಚ್ ಹಾಕಿ ನೋಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಮೊದಲು 5 ಎಂಎಂ ಬಿಟ್, ಆಮೇಲೆ 8, ಆಮೇಲೆ 13, ಸ್ಲೀವ್ ಹೋಗುವ ಗೋಡೆಗೆ ಮಾತ್ರ ಕೊನೆಗೆ 20. ಕಡಿಮೆ ಸ್ಪೀಡು, ತೊಟ್ಟು ತೊಟ್ಟು ಎಣ್ಣೆ. ಅಂಚಿನ ಬರ್ ಅರದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ ಒಣಗಿದ ಮೇಲೆಯೇ ಮುಂದಿನ ಕೆಲಸ.

ಬೋಲ್ಟ್ ಎಂ12, ತಲೆ ಮೇಲೆ 8.8 ಅಂತ ಅಚ್ಚಾಗಿರಬೇಕು. ಅಚ್ಚಿಲ್ಲದ ಕಬ್ಬಿಣದಂಗಡಿ ಬೋಲ್ಟ್ ಗೇಟಿಗೆ ಸರಿ. ಎರಡೂ ಕಡೆ ದಪ್ಪ ವಾಷರ್, ಹೊಸ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು). ಬಾರನ್ನು ಜ್ಯಾಕ್ ಮತ್ತು ಹಲಗೆ ಮೇಲೆ ಎತ್ತಿ, ಆರೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ. ಪ್ಲೇಟಿಗೂ ಚಾಸಿಗೂ ನಡುವೆ ಸಂದು ಕಂಡರೆ ತಗಡಿನ ತುಂಡು ಇಡಿ, ಬೋಲ್ಟ್‌ನಿಂದ ಎಳೆದು ಮುಚ್ಚಬೇಡಿ, ಚಾಸಿ ತಿರುಚಿಕೊಳ್ಳುತ್ತದೆ. ಟಾರ್ಕ್ 80 ನ್ಯೂಟನ್ ಮೀಟರ್, ಒಣ ಥ್ರೆಡ್‌ಗೆ. ಟಾರ್ಕ್ ರೆಂಚ್ ಇಲ್ಲ ಅಂದರೆ 40 ಸೆಂಮೀ ಹಿಡಿಯ ತುದಿಯಲ್ಲಿ 20 ಕೆಜಿ ಎಳೆತ, ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಸಾಕು. ಕೊನೆಗೆ ನಟ್ ಮತ್ತು ಬೋಲ್ಟ್ ಮೇಲೆ ಒಂದೇ ಗೆರೆ ಬಿಳಿ ಪೇಂಟ್ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ. ವಾಷರ್ ಸುತ್ತ ಕಂದು ಪುಡಿ ಉದುರುತ್ತಿದ್ದರೆ ಗೆರೆ ಸರಿ ಇದ್ದರೂ ಜಾಯಿಂಟ್ ಅಲುಗಾಡುತ್ತಿದೆ ಅಂತಲೇ ಅರ್ಥ. ಮೊದಲ 50 ಕಿಮೀ ಹೊರೆ ಎಳೆದ ಮೇಲೆ ಎಲ್ಲವನ್ನೂ ಮತ್ತೆ ಬಿಗಿ ನೋಡಿ.

ಬಾಲ್ 50 ಎಂಎಂ. ಹೊರೆ ಹೇರಿದಾಗ ಬಾಲ್‌ನ ನಡುಮಧ್ಯ ನೆಲದಿಂದ 350ರಿಂದ 420 ಎಂಎಂ ಅನ್ನೋದು ಯುರೋಪಿನ ಅಳತೆ. ಟ್ರೇಲರ್ ನೆಲಕ್ಕೆ ಸಮನಾಗಿ ನಿಂತರೆ ಸರಿ, ಅದರ ಮೂತಿ (ಬಾಲ್‌ಗೆ ಸಿಕ್ಕಿಸುವ ಮುಂದಿನ ತುದಿ) ಮೇಲಾದರೆ ಓಲಾಡುತ್ತದೆ. ತೋಟದೊಳಗೆ ಗಾಡಿ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ತೀರಾ ವಾಲುವ ದಾರಿ ಇದ್ದರೆ ಬಾಲ್ ಮೇಲೆ ಕೂರುವ ಕಪ್ (ಕಪ್ಲರ್) ಅಷ್ಟು ತಿರುಗೋದಿಲ್ಲ, ಅಲ್ಲಿ ರಿಂಗ್ ಮತ್ತು ಅದನ್ನು ಹಿಡಿಯುವ ಪಿಂಟಲ್ ಹುಕ್ (ಬಾಯಿ ಮುಚ್ಚುವ ಕೊಕ್ಕೆ) ವಾಸಿ.

ಮೂತಿಯ ಭಾರ 35ರಿಂದ 50 ಕೆಜಿ ಇರಲಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಬಾಲ್ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲರ್ ಇಟ್ಟು ನೋಡಿ. ಚೀಲ ಹಿಂದೆ ಜಾಸ್ತಿಯಾದರೆ ಮೂತಿ ಹಗುರ, ಟ್ರೇಲರ್ ಹಾವಿನ ಹಾಗೆ ಆಡುತ್ತದೆ. ಮುಂದೆ ಜಾಸ್ತಿಯಾದರೂ ತೊಂದರೆ: ಬಾಲ್ ಹಿಂದಿನ ಆಕ್ಸಲ್‌ನಿಂದ 90 ಸೆಂಮೀ ದೂರ ಇದ್ದರೆ, 2375 ಎಂಎಂ ವೀಲ್‌ಬೇಸ್‌ಗೆ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ) 50 ಕೆಜಿ ಭಾರ ಮುಂದಿನ ಚಕ್ರಗಳಿಂದ 19 ಕೆಜಿ ಎತ್ತಿಬಿಡುತ್ತದೆ. ಏರಿನಲ್ಲಿ ಸ್ಟೇರಿಂಗ್ ಹಗುರ ಅನಿಸೋದು ಅದಕ್ಕೇ. ಸೇಫ್ಟಿ ಚೈನ್ ಎರಡು, ಮೂತಿಯ ಕೆಳಗೆ ಕತ್ತರಿ ಹಾಕಿ ಬಾರ್‌ಗೆ ಸಿಕ್ಕಿಸಿ, ಬಾಲ್‌ಗೆ ಅಲ್ಲ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಚುಚ್ಚಿಕೊಳ್ಳದೆ ಚೈನ್ ಮೇಲೆ ಕೂರುತ್ತದೆ.

ಲೈಟಿಗೆ ಏಳು ಪಿನ್ ಸಾಕೆಟ್: 1 ಹಳದಿ ಎಡ ಇಂಡಿಕೇಟರ್, 2 ನೀಲಿ ಫಾಗ್, 3 ಬಿಳಿ ಅರ್ಥ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೈಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೈಲ್. ಅರ್ಥ್‌ಗೆ 2.5 ಚದರ ಎಂಎಂ, ಉಳಿದದ್ದಕ್ಕೆ 1.5. ಬಾಲ್ ಮೂಲಕ ಅರ್ಥ್ ಆಗುತ್ತದೆ ಅಂತ ನಂಬಬೇಡಿ, ಗ್ರೀಸ್ ಇದ್ದ ಕಡೆ ಕೈಕೊಡುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಮೊದಲು ನೋಡಬೇಕಾದ್ದು ಬಿಳಿ ವೈರು.

ಜಿಪ್ಸಿಯದು ಪಾರ್ಟ್ ಟೈಮ್ ಫೋರ್ ವೀಲ್, ಒಣ ಟಾರಿನಲ್ಲಿ ಹಾಕಿಕೊಂಡು ಓಡಿಸಬೇಡಿ. ಮಣ್ಣಿನ ಇಳಿಜಾರಿನಲ್ಲಿ ಲೋ ರೇಂಜ್ ಹಾಕಿ ಎಂಜಿನ್ ಬ್ರೇಕ್‌ನಲ್ಲೇ ಇಳಿಯಿರಿ.

ಡಾಂಬರು ರಸ್ತೆಗೆ ಇಳಿಸುವುದಾದರೆ, ಮೋಟಾರು ವಾಹನ ಕಾಯ್ದೆ 1988ರ 61ನೇ ಕಲಂ ಪ್ರಕಾರ ಟ್ರೇಲರ್‌ಗೂ ನೋಂದಣಿ ಬೇಕು. ಗಾಡಿಯ ಮಾರ್ಪಾಡು 52ನೇ ಕಲಂ ಅಡಿ ಬರುತ್ತದೆ, ಕಬ್ಬಿಣ ತರುವ ಮುಂಚೆ ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿಬಿಡಿ. ರೈಲ್‌ನ ಹಿಂಭಾಗದ ಎರಡೂ ಮಗ್ಗುಲಿನ ಫೋಟೋ, ಟೇಪ್ ಹಿಡಿದು ತೆಗೆದದ್ದು, ಇಲ್ಲೇ ಹಾಕಿ. ತೂತು ಎಲ್ಲಿ ಬರಬೇಕು ಅಂತ ಗುರುತು ಮಾಡಿ ಕೊಡುತ್ತೇನೆ.