ಅಮೆರಿಕದ ಸಣ್ಣ ಸಾರ್ವಜನಿಕ ರೇಡಿಯೊ ಕೇಂದ್ರಗಳಿಗೆ ಒಂದೇ ಕಾರ್ಯಕ್ರಮ ಏಕಕಾಲಕ್ಕೆ ತಲುಪುವುದು ಹೇಗೆ?

ಪಿಆರ್‌ಎಸ್‌ಎಸ್ (ಪಬ್ಲಿಕ್ ರೇಡಿಯೊ ಸ್ಯಾಟಲೈಟ್ ಸಿಸ್ಟಮ್) ಎಂಬ ಹಂಚಿಕೆಯ ಉಪಗ್ರಹ ಜಾಲದಿಂದ. ಇದನ್ನು ನಡೆಸುವುದು ಅಮೆರಿಕದ ರಾಷ್ಟ್ರೀಯ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್. ನೇರಪ್ರಸಾರ ಸ್ಟ್ರೀಮ್ ಆಗಿ ಬರುತ್ತದೆ. ಮೊದಲೇ ಧ್ವನಿಮುದ್ರಿಸಿದ್ದು ಫೈಲ್ ಆಗಿ ಬಂದು, ಕೇಂದ್ರದ ಆಟೋಮೇಷನ್ ತಂತ್ರಾಂಶ ಅದನ್ನು ಹೊತ್ತಿಗೆ ಸರಿಯಾಗಿ ನುಡಿಸುತ್ತದೆ. ಒಮ್ಮೆ ಮೇಲಕ್ಕೆ ಕಳಿಸಿದರೆ ಸಾಕು, ಎಷ್ಟು ಕೇಂದ್ರಗಳು ಹಿಡಿದುಕೊಂಡರೂ ಉಪಗ್ರಹದ ಖರ್ಚು ಅಷ್ಟೇ. ಹಂಚಿಕೊಳ್ಳುವುದರ ಲಾಭ ಇಲ್ಲಿದೆ.

ತೊಂದರೆ ಹೆಚ್ಚಾಗಿ ಕೇಂದ್ರದ ಡಿಶ್‌ನಲ್ಲೇ. ವರ್ಷಕ್ಕೆರಡು ಬಾರಿ, ವಿಷುವತ್ ದಿನಗಳ ಆಸುಪಾಸಿನಲ್ಲಿ, ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ಕೆಲವು ನಿಮಿಷ ಸಿಗ್ನಲ್ ಮುಳುಗಿಸುತ್ತಾನೆ. ಆ ವೇಳೆ ಮೊದಲೇ ಲೆಕ್ಕಕ್ಕೆ ಸಿಗುತ್ತದೆ, ಇಂಟರ್ನೆಟ್ ಬದಲಿ ಮಾರ್ಗ ಸಿದ್ಧವಿಡಿ. ಇನ್ನೊಂದು ತೊಂದರೆ 5ಜಿ: ಈ ಉಪಗ್ರಹ ಸಿಗ್ನಲ್ ಬರುವ ಸಿ-ಬ್ಯಾಂಡ್ ಎಂಬ ತರಂಗಾಂತರ ಪಟ್ಟಿಯ ಕೆಳಭಾಗ ಈಗ 5ಜಿ ಮೊಬೈಲ್ ಸೇವೆಗೆ ಹೋಗಿದೆ. ಉಪಗ್ರಹಕ್ಕೆ ಉಳಿದದ್ದು 4.0ರಿಂದ 4.2 ಗಿಗಾಹರ್ಟ್ಸ್. ಡಿಶ್ ಹಿಡಿದ ದುರ್ಬಲ ಸಿಗ್ನಲ್ ಅನ್ನು ವರ್ಧಿಸುವ ಎಲ್‌ಎನ್‌ಬಿಯ ಮುಂದೆ, ಬೇಕಾದ ಪಟ್ಟಿಯನ್ನಷ್ಟೇ ಒಳಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಇಲ್ಲದಿದ್ದರೆ ಹತ್ತಿರದ 5ಜಿ ಟವರ್‌ನ ಪ್ರಬಲ ಸಿಗ್ನಲ್ ಎಲ್‌ಎನ್‌ಬಿಯನ್ನು ತುಂಬಿ ಕುರುಡಾಗಿಸುತ್ತದೆ. ಆಮೇಲೆ ರಿಸೀವರ್ ಬದಲಿಸಿ ಏನೂ ಫಲವಿಲ್ಲ.