ಕ್ಷಮೆ ಬೇರೆ, ರಾಜಿ ಬೇರೆ

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಆರು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅಪ್ಪನ ತೋಟದ ಖಾತೆಯನ್ನು ತಮ್ಮ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡ. ಹನ್ನೊಂದು ವರ್ಷದಿಂದ ಮಾತಿಲ್ಲ. ಈಗ ಆ ತಮ್ಮನ ಮಗಳ ಮದುವೆ ಪತ್ರಿಕೆ ಬಂದಿದೆ. ಕಳೆದ ಸಂಚಿಕೆಯಲ್ಲಿ ಕ್ಷಮೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಕ್ರೈಸ್ತ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ಬಗ್ಗೆ ಬಂದ ಪುಟ್ಟ ಟಿಪ್ಪಣಿ ಓದಿ ಅವರು ಕೇಳುತ್ತಾರೆ: "ಕ್ರೈಸ್ತ ಕೌನ್ಸೆಲರ್ ಅಂದರೆ ಕೊನೆಗೆ ಬೈಬಲ್ ಕೈಗೆ ಕೊಡುವವರು ತಾನೇ? ಕ್ಷಮಿಸು ಅನ್ನುವುದಕ್ಕೂ ನಮ್ಮ ಹಿರಿಯರ 'ಹೊಂದಿಕೊಂಡು ಹೋಗು' ಅನ್ನುವುದಕ್ಕೂ ಏನು ವ್ಯತ್ಯಾಸ?"

ಮೇಷ್ಟ್ರೇ, ನಮಸ್ಕಾರ. ಕಳೆದ ಸಲ ಜಾಗ ಸಾಲದೆ ಮುಖ್ಯವಾದದ್ದನ್ನೇ ಬಿಟ್ಟಿದ್ದೆವು. ತಪ್ಪು ನಮ್ಮದು.

ವರ್ದಿಂಗ್ಟನ್ ಮೊದಲು ಓದಿದ್ದು ಪರಮಾಣು ಎಂಜಿನಿಯರಿಂಗ್, ಅದೂ ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿವರೆಗೆ. ಆಮೇಲೆ ನೌಕಾಪಡೆಯಲ್ಲಿ ಪಾಠ ಹೇಳಿದರು. ಅಲ್ಲಿಂದ ದಾರಿ ಬದಲಿಸಿ, ಕೌನ್ಸೆಲಿಂಗ್ ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, 1978ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ ಸೇರಿದರು. ಗಂಡ ಹೆಂಡತಿಯರಿಗೆ ಕೌನ್ಸೆಲಿಂಗ್ ಮಾಡುತ್ತಾ ಕ್ಷಮೆಯ ವಿಷಯಕ್ಕೆ ಬಂದರು. ಜಗಳ ಬಿಡಿಸಬಹುದು, ಹಳೇ ನೋವು ಬಿಡಿಸುವುದು ಕಷ್ಟ ಅಲ್ವಾ? ಆದರೂ ಎಂಜಿನಿಯರ್ ಬುದ್ಧಿ ಹೋಗಲಿಲ್ಲ ಅಂತ ನನಗನಿಸುತ್ತದೆ. ಕ್ಷಮೆಯನ್ನೂ ಭಾಗ ಭಾಗ ಬಿಚ್ಚಿ ಅಳೆದು ನೋಡಿದರು.

ಅಷ್ಟರಲ್ಲಿ ಪರೀಕ್ಷೆ ಮನೆಗೇ ಬಂತು. 1996ರ ಹೊಸ ವರ್ಷದ ಹೊತ್ತಿಗೆ, ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ, ಕಳ್ಳತನಕ್ಕೆ ನುಗ್ಗಿದವನು ಅವರ ವಯಸ್ಸಾದ ತಾಯಿಯನ್ನು ಕಬ್ಬಿಣದ ಹಾರೆಯಿಂದ ಹೊಡೆದು ಕೊಂದ. ಸುದ್ದಿ ಕೇಳಿ ಓಡಿದ ಮಗ ಅಲ್ಲಿದ್ದ ಬೇಸ್‌ಬಾಲ್ ಬ್ಯಾಟ್ ತೋರಿಸಿ, ಅವನು ಈಗ ಇಲ್ಲಿ ಸಿಕ್ಕಿದ್ದರೆ ತಲೆ ಒಡೆಯುತ್ತಿದ್ದೆ ಅಂದರು. ಕ್ಷಮೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು! ರಾತ್ರಿ ನಿದ್ದೆ ಬರಲಿಲ್ಲ. ಜನರಿಗೆ ಹೇಳಿಕೊಟ್ಟದ್ದನ್ನು ತಾನೇ ಮಾಡಿ ನೋಡೋಣ ಅಂತ ಕೂತರು. ಆ ಹುಡುಗ ಏನಂದುಕೊಂಡು ಬಂದಿರಬಹುದು? ಮನೆ ಕತ್ತಲೆ, ಹೊರಗೆ ಕಾರಿಲ್ಲ, ಹಬ್ಬಕ್ಕೆ ಎಲ್ಲೋ ಹೋಗಿದ್ದಾರೆ ಅಂದುಕೊಂಡಿರಬೇಕು. ಇದ್ದಕ್ಕಿದ್ದಂತೆ ಎದುರಿಗೆ ಮುದುಕಿ. ಗಾಬರಿ. ಹೀಗೆ ಯೋಚಿಸುತ್ತಾ ಆ ಬ್ಯಾಟ್ ನೆನಪಾಯಿತು. ಅವನಾದರೆ ಗಾಬರಿಯಲ್ಲಿ ಹೊಡೆದ, ನಾನು ಯೋಚಿಸಿ ಕೊಲ್ಲಲು ಹೊರಟಿದ್ದೆ, ಯಾರ ಮನಸ್ಸು ಹೆಚ್ಚು ಕಪ್ಪು? ಅವರ ನಂಬಿಕೆ ಕೆಲಸ ಮಾಡಿದ್ದು ಇಲ್ಲಿ. ನನ್ನಂಥವನಿಗೂ ಏಸುವಿನ ಬಳಿ ಕ್ಷಮೆ ಇರುವುದಾದರೆ ಅವನಿಗೆ ನಾನು ಹೇಗೆ ಇಲ್ಲ ಅನ್ನಲಿ ಅಂದುಕೊಂಡರು.

ಅದು ಅವರ ದಾರಿ. ಬಂದವರ ಮೇಲೆ ಅದನ್ನು ಹೇರಲಿಲ್ಲ. 'ರೀಚ್' ಎಂಬ ಅವರ ಐದು ಹಂತಗಳಿಗೆ ಕ್ರೈಸ್ತರಿಗಾಗಿ ಒಂದು ರೂಪವಿದೆ, ದೇವರ ಮಾತೇ ಇಲ್ಲದ ಇನ್ನೊಂದು ರೂಪವೂ ಇದೆ. ನೋವನ್ನು ಮುಚ್ಚಿಡದೆ ನೆನೆಯುವುದು. ಎದುರಿನವನ ಜಾಗದಲ್ಲಿ ಕೂತು ನೋಡುವುದು. ನಮ್ಮನ್ನು ಯಾರೋ ಕ್ಷಮಿಸಿದ್ದು ನೆನಪಿಸಿಕೊಂಡು, ಕ್ಷಮೆಯನ್ನು ಉಡುಗೊರೆ ಹಾಗೆ ಕೊಡುವುದು. ಕೊಟ್ಟದ್ದನ್ನು ಕಾಗದದಲ್ಲಿ ಬರೆದಿಡುವುದು. ಸಿಟ್ಟು ವಾಪಸ್ ಬಂದಾಗ ಆ ಕಾಗದ ತೆಗೆದು ನೋಡುವುದು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದರ ಅಭ್ಯಾಸ ಪುಸ್ತಕವನ್ನು ಇಂಡೋನೇಷ್ಯಾ, ಉಕ್ರೇನ್, ದಕ್ಷಿಣ ಆಫ್ರಿಕಾ, ಕೊಲಂಬಿಯಾ, ಹಾಂಗ್‌ಕಾಂಗ್‌ಗಳಲ್ಲಿ 4,598 ಜನರ ಮೇಲೆ ಪರೀಕ್ಷಿಸಿದರು. ಕ್ಷಮಿಸುವ ಮನಸ್ಸು ಹೆಚ್ಚಿತು, ಖಿನ್ನತೆ, ಆತಂಕದ ಲಕ್ಷಣ ಕಡಿಮೆಯಾದವು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಪಾಲು ಪಾರಿಖತ್ತಿನ ಜಗಳ ಐದು ಹಂತದಲ್ಲಿ ಮುಗಿದೀತಾ ಅನ್ನುವ ಅನುಮಾನ ನನಗೂ ಇದೆ.

ಇನ್ನು 'ಹೊಂದಿಕೊಂಡು ಹೋಗು'. ಈ ಮಾತಿನ ಮೇಲೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ನಮ್ಮ ಮನೆಗಳಲ್ಲಿ ಇದನ್ನು ಹೇಳುವುದು ಏಟು ತಿಂದವರಿಗೆ, ಹೊಡೆದವರಿಗಲ್ಲ. ಹೆಣ್ಣುಮಕ್ಕಳಿಗಂತೂ ದಿನಾ ಹೇಳುತ್ತಾರೆ. ವರ್ದಿಂಗ್ಟನ್ ಹೇಳುವುದು ಬೇರೆ. ಕ್ಷಮೆ ನಿಮ್ಮ ಮನಸ್ಸಿನೊಳಗೆ ಆಗುವ ಕೆಲಸ, ಅದಕ್ಕೆ ತಮ್ಮನ ಒಪ್ಪಿಗೆ ಬೇಡ. ರಾಜಿಗೆ ಇಬ್ಬರೂ ಬೇಕು, ಕಳೆದ ನಂಬಿಕೆ ವಾಪಸ್ ಬರಬೇಕು. ಕ್ಷಮಿಸಿದ ಮಾತ್ರಕ್ಕೆ ನ್ಯಾಯ ಕೇಳುವ ಹಕ್ಕು ಹೋಗುವುದಿಲ್ಲ. ಅಂದರೆ ತೋಟಕ್ಕಾಗಿ ನೀವು ದಾವೆ ಹೂಡಿದ್ದರೆ ಅದು ನಡೆಯುತ್ತಲೇ ಇರಬಹುದು. ಇನ್ನೊಂದು ವಿಷಯ, ಕ್ಷಮಿಸುತ್ತೇನೆ ಅಂತ ತೀರ್ಮಾನ ಮಾಡುವುದು ಒಂದು, ಒಳಗಿನ ಉರಿ ಆರುವುದು ಇನ್ನೊಂದು. ಎರಡನೆಯದಕ್ಕೆ ಎಷ್ಟು ದಿನ ಬೇಕೋ ಅಷ್ಟು ಬೇಕು.

ವರ್ದಿಂಗ್ಟನ್‌ಗೂ ಎಲ್ಲ ಸಲೀಸಾಗಿ ಆಗಲಿಲ್ಲ. ತಾಯಿಯ ಶವವನ್ನು ಮೊದಲು ಕಂಡಿದ್ದ ತಮ್ಮ 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕೊಲೆಗಾರನನ್ನು ಕ್ಷಮಿಸಿದ ಮನುಷ್ಯನಿಗೆ, ತಮ್ಮನಿಗೆ ನೆರವಾಗಲಿಲ್ಲ ಅಂತ ತನ್ನನ್ನೇ ಕ್ಷಮಿಸಿಕೊಳ್ಳುವುದು ಬಹಳ ಕಷ್ಟವಾಯಿತು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಇದನ್ನು ಓದಿದ ಮೇಲೆ.

ರಾತ್ರಿ ನಿದ್ದೆ ಇಲ್ಲ, ಮನೆಯವರ ಮೇಲೆ ಸುಮ್ನೆ ರೇಗುತ್ತೇನೆ ಅಂತಲೂ ಬರೆದಿದ್ದೀರಿ. ಅದಕ್ಕೆ ಸಂಪಾದಕ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಯಾವ ಕೌನ್ಸೆಲರ್ ಹತ್ತಿರ ಹೋದರೂ, ಧರ್ಮದ ಮಾತು ಬೇಡ ಅಂತ ಮೊದಲ ದಿನವೇ ಹೇಳಿ. ಒಳ್ಳೆಯವರಾದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಮದುವೆಗೆ ಹೋಗಲೋ ಬೇಡವೋ ಅಂತ ಕೇಳಿದ್ದೀರಿ. ನಾನು ಹೇಳಲಾರೆ. ಆದರೆ ಪತ್ರಿಕೆಯಲ್ಲಿ ದೊಡ್ಡಪ್ಪ ಅಂತ ನಿಮ್ಮ ಹೆಸರು ಅಚ್ಚು ಹಾಕಿಸಿದ್ದು ಆ ಹುಡುಗಿಯೇ ಅಂತ ನಾಲ್ಕನೇ ಪುಟದಲ್ಲಿ ಬರೆದು, ಹೊಡೆದುಹಾಕಿದ್ದೀರಿ. ಓದಲು ಬರುತ್ತಿತ್ತು ಮೇಷ್ಟ್ರೇ.